ಕಾಡಿನ ಜಿಂಕೆ ಬೇಟೆಗೆ ಯಾವ ತೋಟಾ? .308 ಸಾಕು, ಮ್ಯಾಗ್ನಂ ಬೇಡ

ನಮಸ್ಕಾರ ಸರ್. ಉತ್ತರ ಪೆನ್ಸಿಲ್ವೇನಿಯಾದ ಕಾಡಿಗೆ ಈ ಸಲ ಮೊದಲ ಬಾರಿ ಬಿಳಿಬಾಲದ ಜಿಂಕೆ ಬೇಟೆಗೆ ಹೊರಟಿದ್ದೀರಿ. ಅಂಗಡಿಯವನು .300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಂ, ಅಂದರೆ ಮದ್ದು ಹೆಚ್ಚು ತುಂಬಿದ ಬಲವಾದ ತೋಟಾ) ಅಂತಾನೆ, ಆಫೀಸಿನ ಗೆಳೆಯ 6.5 ಕ್ರೀಡ್‌ಮೋರ್ ಅಂತಾನೆ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ .308 ವಿಂಚೆಸ್ಟರ್, 150 ಗ್ರೇನ್ ತೂಕದ ಸಾಫ್ಟ್ ಪಾಯಿಂಟ್ (ಮೆತ್ತನೆ ಸೀಸದ ತುದಿಯ) ಗುಂಡು. ತೋಟಾದ ಹೆಸರಿಗಿಂತ ಅದರೊಳಗಿನ ಗುಂಡು ಎಂಥದ್ದು, ಅದನ್ನು ನೀವು ಹೆದರದೆ ಹೊಡೆಯಬಲ್ಲಿರಾ ಅನ್ನೋದೇ ಮುಖ್ಯ.

ದಟ್ಟ ಹೆಮ್ಲಾಕ್, ಓಕ್ ಮರಗಳ ನಡುವೆ ಕಣ್ಣಿಗೆ ಕಾಣೋದೇ ಐವತ್ತು ಅರವತ್ತು ಗಜ. ನೂರು ಗಜ ಸಿಕ್ಕರೆ ಜಾಸ್ತಿನೇ. ಅಲ್ಲಿ ಮ್ಯಾಗ್ನಂನಿಂದ ಏನು ಲಾಭ? .308ಗೆ ಹೋಲಿಸಿದರೆ ಅದರ ಒದೆತ ಸುಮಾರು ಒಂದೂವರೆ ಪಟ್ಟು. ಹೊಸಬರು ಎರಡು ಸಲ ಒದೆಸಿಕೊಂಡರೆ ಸಾಕು, ಮೂರನೇ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿ ಭುಜ ಎಳೆದುಕೊಳ್ಳುತ್ತಾರೆ. ಗುರಿ ತಪ್ಪೋದು ಅಲ್ಲೇ.

.308 ಬಂದದ್ದು 1952ರಲ್ಲಿ. ಯಾವ ಸಣ್ಣ ಊರಿನ ಅಂಗಡಿಯಲ್ಲೂ ತೋಟಾ ಸಿಗುತ್ತದೆ, ಆಯ್ಕೆಯೂ ಜಾಸ್ತಿ. ಒದೆತ ಇನ್ನೂ ಕಡಿಮೆ ಬೇಕು ಅಂದರೆ 7ಎಂಎಂ-08 ನೋಡಿ, ಅದೇ ತೋಟಾದ ಕತ್ತು ಕಿರಿದು ಮಾಡಿ ತಯಾರಿಸಿದ್ದು. ಮನೆಯಲ್ಲಿ ಯಾರದ್ದೋ .30-06 ಇದ್ದರೆ ಹೊಸದು ಕೊಳ್ಳಬೇಡಿ, ಅದೇ ಸಾಕು. 6.5 ಕ್ರೀಡ್‌ಮೋರ್ ಗುರಿ ಸ್ಪರ್ಧೆಗೆ ಅಂತ ಹುಟ್ಟಿದ್ದಾದರೂ ಜಿಂಕೆಗೂ ಚೆನ್ನಾಗಿದೆ, ಒದೆತವೂ ಕಡಿಮೆ. ನಿಮ್ಮ ಗೆಳೆಯ ಹೇಳಿದ್ದು ತಪ್ಪೇನಲ್ಲ. .243ರಲ್ಲಿ ಗುಂಡು ಹಗುರ, ಗುರಿ ಚೂರು ತಪ್ಪಿದರೂ ಜಿಂಕೆ ಗಾಯದಲ್ಲೇ ಓಡುತ್ತದೆ. ಹಾಗಾಗಿ ಹೊಸಬರಿಗೆ ನಾನು ಹೇಳಲ್ಲ.

1895ರ ಮುದುಕ .30-30 ಇವತ್ತಿಗೂ ಇಂಥ ಕಾಡಿಗೆ ಹೇಳಿ ಮಾಡಿಸಿದ್ದು. ಅದನ್ನು ಹೊಡೆಯುವ ಲಿವರ್ ಬಂದೂಕು (ಟ್ರಿಗರ್ ಬಳಿಯ ಸನ್ನೆ ಎಳೆದು ತೋಟಾ ಏರಿಸುವಂಥದ್ದು) ಗಿಡ್ಡ, ಹಗುರ, ಪೊದೆಗಳ ನಡುವೆ ಸಲೀಸು. ಒಂದು ಎಚ್ಚರ: ಅಂಥ ಬಂದೂಕುಗಳಲ್ಲಿ ಹೆಚ್ಚಿನವಕ್ಕೆ ನಳಿಗೆ ಕೆಳಗೆ ಕೊಳವೆ ಮ್ಯಾಗಜೀನ್ ಇರುತ್ತದೆ. ತೋಟಾಗಳು ಅದರಲ್ಲಿ ಒಂದರ ಹಿಂದೆ ಒಂದು ಕೂರುತ್ತವೆ. ಗಟ್ಟಿ ಚೂಪು ಗುಂಡು ಹಾಕಿದರೆ ಅದರ ತುದಿ ಮುಂದಿನ ತೋಟಾದ ಪ್ರೈಮರ್‌ಗೆ (ಬುಡದಲ್ಲಿ ಕಿಡಿ ಹೊತ್ತಿಸುವ ಭಾಗ) ತಾಗಿ ಒಳಗೇ ಸಿಡಿಯಬಹುದು. ಅದಕ್ಕೇ ಚಪ್ಪಟೆ ಮೂತಿಯದು, ಇಲ್ಲವೇ ಹಾರ್ನಡಿ ಕಂಪನಿಯ ಲೆವರೆವಲ್ಯೂಷನ್ ಥರ ಮೆತ್ತನೆ ತುದಿಯದು ಮಾತ್ರ.

ಈಗ ಗುಂಡಿನ ವಿಷಯ. ಊರಲ್ಲಿ ಚರೆ ತುಂಬಿದ ಕೋವಿ ನೋಡಿ ಬೆಳೆದ ನಮ್ಮವರು ಇದರ ಬಗ್ಗೆ ಯೋಚನೆಯೇ ಮಾಡಲ್ಲ. ಸಾಫ್ಟ್ ಪಾಯಿಂಟ್ ಅಂದರೆ ತಾಮ್ರದ ಹೊದಿಕೆ, ಒಳಗೆ ಸೀಸ, ತುದಿಯಲ್ಲಿ ಸೀಸ ಬಯಲು. ಮೈಗೆ ಹೊಕ್ಕ ಕೂಡಲೇ ಅಣಬೆಯ ಹಾಗೆ ಅರಳುತ್ತದೆ, ಪ್ರಾಣಿ ಬೇಗ ಬೀಳುತ್ತದೆ. ರೆಮಿಂಗ್‌ಟನ್ ಕೋರ್-ಲಾಕ್ಟ್, ವಿಂಚೆಸ್ಟರ್ ಪವರ್-ಪಾಯಿಂಟ್, ಫೆಡರಲ್ ಪವರ್-ಶಾಕ್ ಎಲ್ಲವೂ ಈ ಜಾತಿ, ದುಬಾರಿಯಲ್ಲ. ಪೂರ್ತಿ ಲೋಹದ ಹೊದಿಕೆಯ ಎಫ್‌ಎಂಜೆ ಅಭ್ಯಾಸಕ್ಕೆ ಮಾತ್ರ. ಅರಳದೆ ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ, ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಅದು ಕಾನೂನುಬಾಹಿರ ಕೂಡ. ಇನ್ನು ತೆಳು ಹೊದಿಕೆಯ ಗುಂಡು ಮ್ಯಾಗ್ನಂ ವೇಗದಲ್ಲಿ ನಲವತ್ತು ಗಜಕ್ಕೆ ಬಡಿದರೆ ಚೂರುಚೂರಾಗುತ್ತದೆ. ಮುಂಗಾಲಿನ ಮಾಂಸವೆಲ್ಲ ರಕ್ತ ಕಟ್ಟಿ ಹಾಳು. ನಾವು ಹೋಗೋದು ಮಾಂಸಕ್ಕೆ ಅಲ್ವಾ?

ಸೀಸದ ಸಣ್ಣ ಚೂರುಗಳು ಮಾಂಸದಲ್ಲಿ ಉಳಿಯೋದು ನಿಜ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಪೂರ್ತಿ ತಾಮ್ರದ ಗುಂಡು ತಗೊಳ್ಳಿ. ಬೆಲೆ ಹೆಚ್ಚು, ಆದರೆ ನಾನಾದರೆ ಅದನ್ನೇ ಕೊಳ್ಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸವಿಲ್ಲದ್ದೇ ಕಡ್ಡಾಯ.

ದಪ್ಪ, ನಿಧಾನದ ಗುಂಡು ಪೊದೆ ಸೀಳಿಕೊಂಡು ನೇರ ಹೋಗುತ್ತೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಂಬಬೇಡಿ. ಬೆರಳು ಗಾತ್ರದ ಕಡ್ಡಿಗೆ ತಾಗಿದರೂ ಯಾವ ಗುಂಡಾದರೂ ದಾರಿ ತಪ್ಪಬಹುದು. ಅಡ್ಡ ಕೊಂಬೆ ಇದ್ದರೆ ಹೊಡೆಯಬೇಡಿ, ಜಿಂಕೆ ಇನ್ನೆರಡು ಹೆಜ್ಜೆ ಇಡಲಿ.

ನಳಿಗೆ ಮೇಲೆ ಕೊರೆದಿರುವ ಹೆಸರೂ ತೋಟಾದ ಬುಡದಲ್ಲಿರುವ ಹೆಸರೂ ಒಂದೇ ಇರಬೇಕು. .300 ಬ್ಲ್ಯಾಕ್‌ಔಟ್ ತೋಟಾ .223 ಬಂದೂಕಿನಲ್ಲಿ ಕೂತುಬಿಡುತ್ತದೆ, ಹೊಡೆದರೆ ಬಂದೂಕೇ ಸಿಡಿಯುತ್ತದೆ.

ಕಾನೂನು ಸ್ವಲ್ಪ ಗಮನವಿಟ್ಟು ಓದಿ. ಎಚ್‌1ಬಿ ಥರದ ವೀಸಾದವರು ಫೆಡರಲ್ ಕಾನೂನಿನಂತೆ ಬಂದೂಕು, ತೋಟಾ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಕೊಟ್ಟ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ವಿನಾಯಿತಿ ಇದೆ. ಪೆನ್ಸಿಲ್ವೇನಿಯಾ ಲೈಸೆನ್ಸ್ ಜೂನ್ 30ಕ್ಕೆ ಮುಗಿಯುತ್ತದೆ, ನೆನಪಿರಲಿ. ಗ್ರೀನ್ ಕಾರ್ಡ್‌ನವರಿಗೆ ಈ ತೊಡಕಿಲ್ಲ. ಮೊದಲ ಸಲದವರಿಗೆ ಬೇಟೆ ತರಬೇತಿಯ ಕೋರ್ಸ್ ಆಗಬೇಕು. ರೈಫಲ್ ಸೀಸನ್‌ನಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಹೊಳೆಯುವ ಕಿತ್ತಳೆ ಬಟ್ಟೆ ಇರಬೇಕು. ಪಕ್ಕದ ಒಹಾಯೊಗೆ ಹೋದರೆ .308 ನಡೆಯಲ್ಲ, ಅಲ್ಲಿ ಜಿಂಕೆಗೆ ರೈಫಲ್ ಬಳಸುವುದಾದರೆ ನೇರ ಗೋಡೆಯ (ಕತ್ತು ಕಿರಿದಾಗದ) ತೋಟಾಗಳಿಗಷ್ಟೇ ಅವಕಾಶ, .350 ಲೆಜೆಂಡ್, .450 ಬುಷ್‌ಮಾಸ್ಟರ್ ಥರದ್ದು. ಹೊರಡುವ ಮೊದಲು ಆಯಾ ರಾಜ್ಯದ ಈ ವರ್ಷದ ನಿಯಮ ಪುಸ್ತಕ ನೋಡಿಕೊಳ್ಳಿ. ಊರಿಗೆ ಹೋದಾಗ ಈ ಆಸೆಯೇ ಬೇಡ. ಕೊಡಗಿನವರ ಕೋವಿಗೆ ಲೈಸೆನ್ಸ್ ವಿನಾಯಿತಿ ಇದ್ದರೂ 1972ರ ವನ್ಯಜೀವಿ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧವೇ.

ತೋಟಾ ಕೊಳ್ಳುವಾಗ ಮೊದಲು ಎರಡು ಮೂರು ಬ್ರ್ಯಾಂಡಿನ ಒಂದೊಂದು ಡಬ್ಬ ತಂದು ರೇಂಜಿನಲ್ಲಿ ಹೊಡೆದು ನೋಡಿ. ಒಂದು ನಳಿಗೆಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗಲ್ಲ. ಯಾವುದು ಹತ್ತಿರ ಹತ್ತಿರ ಬೀಳುತ್ತದೋ ಅದನ್ನೇ ಒಂದೇ ಲಾಟ್ ನಂಬರಿನಲ್ಲಿ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಇನ್ನೂ ಕೆಲವು ಡಬ್ಬ ಕೊಂಡಿಡಿ. ನೂರು ಗಜಕ್ಕೆ ಗುರಿ ಕೂರಿಸಿದರೆ ಐವತ್ತಕ್ಕೂ ಲೆಕ್ಕ ಬದಲಿಸಬೇಕಿಲ್ಲ, ವ್ಯತ್ಯಾಸ ಅರ್ಧ ಇಂಚಿನೊಳಗೆ. ಆಮೇಲೆ ಮೇಜು ಬಿಟ್ಟು ಕೂತು, ಮಂಡಿಯೂರಿ, ಮರಕ್ಕೆ ಒರಗಿ ಹೊಡೆದು ಅಭ್ಯಾಸ ಮಾಡಿ. ಎಂಟು ಇಂಚಿನ ಪೇಪರ್ ತಟ್ಟೆಗೆ ಎಷ್ಟು ದೂರದಿಂದ ಪ್ರತಿ ಸಲವೂ ತಾಗಿಸುತ್ತೀರೋ ಕಾಡಿನಲ್ಲಿ ಅದೇ ನಿಮ್ಮ ಮಿತಿ. ಸ್ಕೋಪ್ (ಬಂದೂಕಿನ ದುರ್ಬೀನು) 2ರಿಂದ 7 ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು, ಕಾಡಿನಲ್ಲಿ 2ರಲ್ಲೇ ಇಟ್ಟುಕೊಂಡು ನಡೆಯಿರಿ.