ಕೋಶ ಸತ್ತರೆ ವೈರಸ್ ಸಿಕ್ಕಿದಂತೆಯೇ?

ಪ್ರಶ್ನೆ: ರೋಗಿಯ ಮೂಗಿನ ದ್ರವವನ್ನು ಮಂಗದ ಮೂತ್ರಪಿಂಡದ ಜೀವಕೋಶಗಳ ಮೇಲೆ ಹಾಕಿ, ಅವು ಸತ್ತರೆ ‘ವೈರಸ್ ಬೇರ್ಪಡಿಸಿದೆವು’ ಎನ್ನುತ್ತಾರಂತೆ. ಇದು ಬೇರ್ಪಡಿಸುವುದೋ, ಬೆರೆಸುವುದೋ? ಕೋಶಗಳು ಬೇರೆ ಕಾರಣಕ್ಕೂ ಸಾಯಬಹುದಲ್ಲವೇ?

ಉತ್ತರ: ಖಂಡಿತ ಸಾಯಬಹುದು, ಸಾಯುತ್ತವೆ ಕೂಡ. ಬರೀ ಸತ್ತ ಕೋಶ ತೋರಿಸಿದರೆ ಲ್ಯಾಬಿನಲ್ಲಿ ಯಾರೂ ಒಪ್ಪುವುದಿಲ್ಲ.

‘ಬೇರ್ಪಡಿಸು’ ಎಂಬ ಪದವೇ ಅರ್ಧ ಗೊಂದಲಕ್ಕೆ ಕಾರಣ. ಹೆಚ್ಚಿನ ಬ್ಯಾಕ್ಟೀರಿಯಾ ಆದರೆ ಅಗರ್ ಎಂಬ ಜೆಲ್ಲಿ ಹಾಸಿದ ತಟ್ಟೆಯ ಮೇಲೆ ತನ್ನಷ್ಟಕ್ಕೆ ಬೆಳೆಯುತ್ತದೆ. ವೈರಸ್ಸಿಗೆ ಬದುಕಿರುವ ಕೋಶವೇ ಬೇಕು. ಹಾಗಾಗಿ ಇಲ್ಲಿ ಬೇರ್ಪಡಿಸುವುದೆಂದರೆ ರೋಗಿಯ ದೇಹದಿಂದ ಹೊರತಂದು, ಬೇರೆ ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸುವುದು.

ಸ್ವಾಬ್ ಹಾಕಿದ ದ್ರವದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯದಂತೆ ಔಷಧಿ ಇರುತ್ತದೆ. ಅದನ್ನು ಒಂದು ಫ್ಲಾಸ್ಕಿಗೆ ಹಾಕುವಾಗ ಪಕ್ಕದಲ್ಲಿ ಇನ್ನೊಂದನ್ನೂ ಇಡುತ್ತೇವೆ: ಅದೇ ಕೋಶ, ಅದೇ ಔಷಧಿ, ಅದೇ ಶಾಖ; ರೋಗಿಯ ಮಾದರಿ ಮಾತ್ರ ಇಲ್ಲ. ದಿನಾ ಎರಡನ್ನೂ ಸೂಕ್ಷ್ಮದರ್ಶಕದಡಿ ನೋಡಬೇಕು. ಆರೋಗ್ಯವಾಗಿರುವ ಕೋಶಗಳು ನೆಲಕ್ಕೆ ಹಾಸಿದ ಕಲ್ಲುಗಳಂತೆ ಒತ್ತಾಗಿ ಅಂಟಿಕೊಂಡಿರುತ್ತವೆ. ಸೋಂಕು ತಗುಲಿದಾಗ ಅಲ್ಲಲ್ಲಿ ದುಂಡಗಾಗಿ, ಮಿಂಚುತ್ತಾ, ಕಿತ್ತು ತೇಲತೊಡಗುತ್ತವೆ. ಮಕ್ಕಳ ಶ್ವಾಸಕೋಶವನ್ನು ಕಾಡುವ ಆರ್‌ಎಸ್‌ವಿ ಎಂಬ ವೈರಸ್ ಆದರೆ ಅಕ್ಕಪಕ್ಕದ ಕೋಶಗಳ ಪೊರೆಗಳು ಬೆಸೆದುಕೊಂಡು, ಒಂದೇ ದೊಡ್ಡ ಮುದ್ದೆಯೊಳಗೆ ಹತ್ತಾರು ಕೋಶಕೇಂದ್ರಗಳು ಕಾಣುತ್ತವೆ. ಒಮ್ಮೆ ಕಂಡವರು ಮರೆಯುವುದಿಲ್ಲ.

ಆಮೇಲೆ ನಿಮ್ಮ ಅನುಮಾನಕ್ಕೆ ನೇರ ಉತ್ತರ ಕೊಡುವ ಹಂತ, ಪ್ಯಾಸೇಜ್. ಫ್ಲಾಸ್ಕಿನಲ್ಲಿ ಕೋಶಗಳ ಮೇಲಿರುವ ದ್ರವದ ಹತ್ತನೇ ಒಂದು ಪಾಲನ್ನು ಹೊಸ ಫ್ಲಾಸ್ಕಿಗೆ, ಅದರಿಂದ ಮತ್ತೊಂದಕ್ಕೆ ಹಾಕುತ್ತಾ ಹೋಗುತ್ತೇವೆ. ಮೂರನೆಯ ಹೊಸ ಫ್ಲಾಸ್ಕಿಗೆ ಬರುವಷ್ಟರಲ್ಲಿ ಮೂಲ ದ್ರವ ಸಾವಿರ ಪಟ್ಟು ತೆಳುವಾಗಿರುತ್ತದೆ. ಕೊಂದದ್ದು ಯಾವುದೋ ವಿಷವಾಗಿದ್ದರೆ ಅಲ್ಲಿಗೆ ಅದರ ಆಟ ಮುಗಿಯಬೇಕು. ವೈರಸ್ ಮಾತ್ರ ಪ್ರತಿ ಸಲವೂ ಹೆಚ್ಚಿಕೊಂಡು ಅದೇ ಹಾನಿ ಮಾಡುತ್ತದೆ. ಪಕ್ಕದ ಫ್ಲಾಸ್ಕ್ ಹಾಗೇ ಇರುತ್ತದೆ.

ವೈರಸ್ಸನ್ನು ಒಲಿಸಿಕೊಂಡು ಬೆಳೆಸುವುದೂ ಸುಲಭವಲ್ಲ. ನೆಗಡಿ ತರುವ ರೈನೋವೈರಸ್ಸಿಗೆ ಮೂಗಿನೊಳಗಿನಂತೆ 33 ಡಿಗ್ರಿ ಸೆಲ್ಸಿಯಸ್ ಹಿತ. ಇನ್‌ಫ್ಲುಯೆಂಜಾಕ್ಕೆ ಸಾಮಾನ್ಯವಾಗಿ ಪ್ರೋಟೀನು ಕತ್ತರಿಸುವ ಟ್ರಿಪ್ಸಿನ್ ಎಂಬ ಕಿಣ್ವ ಬೇಕು, ಕೋಶಗಳ ಪೋಷಣೆಗೆ ಹಾಕುವ ಸೀರಂ (ರಕ್ತದ ತಿಳಿದ್ರವ) ಇದ್ದರೆ ಟ್ರಿಪ್ಸಿನ್ ಕೆಲಸ ಮಾಡದು. ಕಲಿಯುವ ದಿನಗಳಲ್ಲಿ ಸೀರಂ ತೊಳೆಯಲು ಮರೆತು, ವಾರವಿಡೀ ಏನೂ ಆಗದ ಫ್ಲಾಸ್ಕನ್ನು ದಿಟ್ಟಿಸುತ್ತಾ ಕೂತವನು ನಾನು.

ಇನ್ನು, ಸಿಕ್ಕಿದ್ದು ಯಾವ ವೈರಸ್? 2001ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಉಸಿರಾಟದ ಸೋಂಕು ತರುವ ಮೆಟಾನ್ಯೂಮೋವೈರಸ್ ಪತ್ತೆ ಮಾಡಿದ ಬಗೆ ನೋಡಿ. 28 ಮಕ್ಕಳ ಮಾದರಿಗಳಲ್ಲಿ ಏನೋ ನಿಧಾನವಾಗಿ ಬೆಳೆಯುತ್ತಿತ್ತು. ಹಾನಿ ಆರ್‌ಎಸ್‌ವಿಯದರಂತೆಯೇ ಇದ್ದರೂ ಗೊತ್ತಿದ್ದ ಯಾವ ಪರೀಕ್ಷೆಗೂ ಅದು ಓಗೊಡಲಿಲ್ಲ. ಅದು ಯಾವ ವೈರಸ್ ಕುಟುಂಬದ್ದು ಎಂಬ ಸುಳಿವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೊಟ್ಟಿತು. ಸೋಂಕಿತ ಕೋಶಗಳಲ್ಲಿದ್ದು ಪಕ್ಕದ ಆರೋಗ್ಯವಂತ ಕೋಶಗಳಲ್ಲಿ ಇಲ್ಲದ ಆರ್‌ಎನ್‌ಎ ತುಣುಕುಗಳನ್ನಷ್ಟೇ ಹೆಕ್ಕಿ ಓದಿದಾಗ, ಹತ್ತಿರದ ನೆಂಟ ಹಕ್ಕಿಗಳ ವೈರಸ್ ಎಂದು ತಿಳಿಯಿತು. 1958ರಿಂದ ಕಾಪಿಟ್ಟಿದ್ದ ರಕ್ತದ ಸೀರಂನಲ್ಲೂ ಅದರ ವಿರುದ್ಧದ ಪ್ರತಿಕಾಯಗಳಿದ್ದವು! ‘ಹೊಸ’ ವೈರಸ್ ನಮಗಷ್ಟೇ ಹೊಸದು.

ಬೆಳೆಯಲಿಲ್ಲ ಎಂದಾಕ್ಷಣ ವೈರಸ್ಸೇ ಇಲ್ಲ ಎನ್ನಲೂ ಆಗದು. ರೈನೋವೈರಸ್ ಸಿ ಗುಂಪನ್ನು ಮೊದಲು ಗುರುತಿಸಿದ್ದು ಅದರ ಆನುವಂಶಿಕ ಬರಹದಿಂದ. ಮಾಮೂಲಿ ಕೋಶಗಳಲ್ಲಿ ಅದು ಬೆಳೆಯುತ್ತಲೇ ಇರಲಿಲ್ಲ. ಅದು ಕೋಶದೊಳಗೆ ನುಗ್ಗಲು ಹಿಡಿಯುವ ಸಿಡಿಎಚ್‌ಆರ್3 ಎಂಬ ಪ್ರೋಟೀನು 2015ರಲ್ಲಿ ಗೊತ್ತಾಯಿತು. ಆ ಪ್ರೋಟೀನನ್ನು ಕೋಶಗಳಿಗೆ ಸೇರಿಸಿದ ಮೇಲೆ ಅಲ್ಲೂ ಬೆಳೆಯಿತು.