ದಳಪತಿಯ ಕೊನೆಯ ಮಾತು: ಒಬ್ಬ ಕಥೆಗಾರರಿಗೆ ಸಂಪಾದಕರ ಉತ್ತರ

ಮಾನ್ಯರೆ,

ಟೈಟನ್ ಯಾನವನ್ನು ಕುರಿತು ನೀವು ಕಳುಹಿಸಿದ ನೀಳ್ಗತೆಯನ್ನು ನಿಧಾನವಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕಾದಿರುವುದು ಆ ಉತ್ತರಕ್ಕೆ, ಅದನ್ನು ಹೊಗಳಿಕೆಯ ನಡುವೆ ಅಡಗಿಸಿಡುವುದು ನಿಮಗೆ ಮಾಡುವ ಅನ್ಯಾಯ. ಆದರೆ ಹಿಂದಿರುಗಿಸಿ ಸುಮ್ಮನಾಗುವಂಥ ಕಥೆಯೂ ಇದಲ್ಲ. ಇದರೊಳಗೆ ನಿಜವಾದ ಕಥೆಯೊಂದಿದೆ, ಹದಿನಾಲ್ಕನೆಯ ಪುಟದ ನಂತರ ಅದನ್ನು ನೀವೇ ಕೈಬಿಟ್ಟಿದ್ದೀರಿ ಎಂಬುದು ನನ್ನ ಅಭಿಪ್ರಾಯ.

ನನಗೆ ಅರ್ಥವಾದ ಕಥೆ ಇದು. ಶನಿಯ ಉಪಗ್ರಹವಾದ ಟೈಟನ್ನಿನಲ್ಲಿ, ಕ್ರಾಕೆನ್ ಮಾರೆ ಎಂಬ ಮೀಥೇನ್ ಕಡಲಿನ ದಂಡೆಯಲ್ಲಿ, ಒಂಬತ್ತು ಜನರ ತಂಡ ನೆಲೆ ಹೂಡಿದೆ. ದಳಪತಿ ಹಿಮದ ಬಿರುಕಿನಲ್ಲಿ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ, ಗಾಯ ಕೀವುಗಟ್ಟುತ್ತದೆ, ನಂಜು ರಕ್ತಕ್ಕೇರುತ್ತದೆ. ಸಾಯುವ ಹಿಂದಿನ ರಾತ್ರಿ, ವೈದ್ಯನೊಬ್ಬನೇ ಪಕ್ಕದಲ್ಲಿರುವಾಗ, ಇಪ್ಪತ್ತು ವರ್ಷ ತನ್ನ ಜೊತೆ ದುಡಿದ ಉಪದಳಪತಿಯನ್ನು ಬದಿಗಿಟ್ಟು, ನೆಲೆಯ ಗಾಳಿ ಮತ್ತು ನೀರಿನ ಯಂತ್ರಗಳನ್ನು ನೋಡಿಕೊಳ್ಳುವ ಕಿರಿಯ ಎಂಜಿನಿಯರಳನ್ನು ತನ್ನ ಉತ್ತರಾಧಿಕಾರಿಯೆಂದು ಹೆಸರಿಸುತ್ತಾನೆ. ನಿಯಮದ ಪ್ರಕಾರ ಅಧಿಕಾರ ತನಗೆ ಬರಬೇಕು, ಸನ್ನಿ ಹಿಡಿದವನ ಮಾತು ಆಜ್ಞೆಯಾಗದು ಎಂದು ಉಪದಳಪತಿ ವಾದಿಸುತ್ತಾನೆ. ಅಲ್ಲಿಂದ ಮುಂದೆ ಆರು ಪುಟಗಳಲ್ಲಿ ಮೂರು ಸಂಗತಿಗಳು ನಡೆಯುತ್ತವೆ: ಆಮ್ಲಜನಕದ ಯಂತ್ರವನ್ನು ಉಪದಳಪತಿಯೇ ಕೆಡಿಸಿದ್ದನೆಂದು ಗೊತ್ತಾಗುತ್ತದೆ, ದಳಪತಿ ಮೊದಲೇ ಮಾಡಿಟ್ಟಿದ್ದ ಧ್ವನಿಮುದ್ರಣ ಸಿಗುತ್ತದೆ, ಭೂಮಿಯಿಂದ ಒಪ್ಪಿಗೆಯ ಸಂದೇಶ ಬರುತ್ತದೆ. ಎಲ್ಲರೂ ಹೊಸ ನಾಯಕಿಗೆ ಸೆಲ್ಯೂಟ್ ಹೊಡೆಯುತ್ತಾರೆ.

ಚೆನ್ನಾಗಿರುವುದನ್ನೂ ಹೇಳಬೇಕು. ಭೂಮಿಯ ಏಳನೆಯ ಒಂದು ಭಾಗದಷ್ಟೇ ಗುರುತ್ವವಿದ್ದು, ಗಾಳಿ ಮಾತ್ರ ಭೂಮಿಯದಕ್ಕಿಂತ ದಟ್ಟವಾಗಿರುವ ಲೋಕದಲ್ಲಿ ಮೀಥೇನ್ ಮಳೆಯ ದಪ್ಪ ಹನಿಗಳು ತೇಲುತ್ತಾ ಇಳಿಯುವುದನ್ನು ನೀವು ನಾಲ್ಕೇ ಸಾಲಿನಲ್ಲಿ ಕಣ್ಣಿಗೆ ಕಟ್ಟಿದ್ದೀರಿ, ವಿಜ್ಞಾನವೂ ಅಲ್ಲಿ ಸರಿಯಾಗಿದೆ. ಅದಕ್ಕಿಂತ ಹೆಚ್ಚಾಗಿ, ತನ್ನನ್ನು ದಳಪತಿಯೆಂದು ಹೆಸರಿಸಲಾಗಿದೆ ಎಂದು ಕೇಳಿದ ಎಂಜಿನಿಯರ್ ಏನೂ ಮಾತಾಡದೆ ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಗಾಳಿಶೋಧಕವನ್ನು ಬಿಚ್ಚಿ ತೊಳೆಯಲು ಕುಳಿತುಕೊಳ್ಳುವ ದೃಶ್ಯ ಇಡೀ ಕಥೆಯ ಜೀವ. ಅದರ ಒಂದು ಅಕ್ಷರವನ್ನೂ ಬದಲಿಸಬೇಡಿ.

ಇನ್ನು ನನ್ನ ಮುಖ್ಯ ಆಕ್ಷೇಪಣೆ. ಸಾಯುತ್ತಿರುವ ದಳಪತಿಯ ಆಯ್ಕೆ ವಿವಾದಕ್ಕೆ ಒಳಗಾಗಿದೆ ಎಂಬುದು ನಿಮ್ಮ ಕಥೆಯ ವಸ್ತು. ವಿವಾದವೆಂದರೆ ಎರಡೂ ಕಡೆ ನ್ಯಾಯವಿರಬೇಕು. ಉಪದಳಪತಿಯನ್ನು ದುಷ್ಟನನ್ನಾಗಿ ಮಾಡಿದ ಕ್ಷಣದಲ್ಲಿಯೇ ಆ ವಿವಾದ ಮುಗಿದುಹೋಗುತ್ತದೆ, ಏಕೆಂದರೆ ಸಹಚರರ ಉಸಿರಿನ ಗಾಳಿಯನ್ನೇ ಕೆಡಿಸುವವನನ್ನು ನಾಯಕನಾಗಲು ಬಿಡಬೇಕೇ ಎಂಬ ಪ್ರಶ್ನೆಗೆ ಯಾವ ಓದುಗನೂ ತಡವರಿಸುವುದಿಲ್ಲ. ಅದರ ಮೇಲೆ ಧ್ವನಿಮುದ್ರಣವೂ ಸಿಕ್ಕಿ, ಭೂಮಿಯ ಮುದ್ರೆಯೂ ಬಿದ್ದ ಮೇಲೆ, ನೆಲೆಯಲ್ಲಿರುವ ಯಾರೊಬ್ಬರೂ ಏನನ್ನೂ ತೀರ್ಮಾನಿಸಬೇಕಾಗಿಯೇ ಬರುವುದಿಲ್ಲ. ಸತ್ತ ಮನುಷ್ಯ ಯಾರಿಗೂ ಆಜ್ಞೆ ಮಾಡಲಾರ. ಅವನ ಮಾತಿಗೆ ಬಲ ಬರುವುದು ಬದುಕಿರುವವರು ಅದಕ್ಕೆ ತಲೆಬಾಗಲು ಒಪ್ಪಿದರೆ ಮಾತ್ರ, ಆ ಒಪ್ಪಿಗೆ ಹೇಗೆ ಬರುತ್ತದೆ ಅಥವಾ ಹೇಗೆ ಬಾರದೆ ಹೋಗುತ್ತದೆ ಎಂಬುದೇ ನೀವು ಬರೆಯಬೇಕಾಗಿದ್ದ ಕಥೆ.

ಇದಕ್ಕೆ ಭವಿಷ್ಯದ ಕಡೆ ನೋಡುವುದಕ್ಕಿಂತ ಹಿಂದಿನ ಯಾನಗಳ ಕಡೆ ನೋಡುವುದು ನಿಮಗೆ ಹೆಚ್ಚು ಉಪಯೋಗಕ್ಕೆ ಬಂದೀತು. 1521ರ ಏಪ್ರಿಲ್ 27ರಂದು ಫಿಲಿಪೀನ್ಸಿನ ಮ್ಯಾಕ್ಟಾನ್ ದ್ವೀಪದ ಕಾಳಗದಲ್ಲಿ ಸ್ಪೇನಿನ ಹಡಗುಪಡೆಯ ನಾಯಕ ಮೆಗಲನ್ ಸತ್ತಾಗ, ನಾವಿಕರು ದುವಾರ್ತೆ ಬಾರ್ಬೋಸ ಮತ್ತು ಜುವಾನ್ ಸೆರಾನೊ ಎಂಬ ಇಬ್ಬರನ್ನು ಒಟ್ಟಿಗೆ ನಾಯಕರನ್ನಾಗಿ ಆರಿಸಿಕೊಂಡರು. ತಾನು ಸತ್ತ ಮೇಲೆ ತನ್ನ ಗುಲಾಮ ಎನ್ರಿಕೆಗೆ ಬಿಡುಗಡೆ ಸಿಗಬೇಕೆಂದು ಮೆಗಲನ್ ಉಯಿಲಿನಲ್ಲಿ ಬರೆದಿದ್ದ. ದುಭಾಷಿಯಾಗಿದ್ದ ಎನ್ರಿಕೆಯನ್ನು ಕಳೆದುಕೊಳ್ಳಲು ಹೊಸ ನಾಯಕನಿಗೆ ಮನಸ್ಸಿರಲಿಲ್ಲ. ಒಡೆಯ ಸತ್ತರೂ ನೀನು ಗುಲಾಮನೇ ಎಂದು ಬಾರ್ಬೋಸ ಗದರಿಸಿದನೆಂದೂ, ಆ ಸಿಟ್ಟಿನಲ್ಲಿ ಎನ್ರಿಕೆ ಸೆಬುವಿನ ರಾಜನೊಡನೆ ಸೇರಿ ಸಂಚು ಹೂಡಿದನೆಂದೂ ಆ ಯಾನದಲ್ಲಿದ್ದ ಪಿಗಾಫೆಟ್ಟ ಬರೆದಿದ್ದಾನೆ. ಮೇ 1ರಂದು ರಾಜನ ಔತಣಕ್ಕೆ ಹೋದ ಬಾರ್ಬೋಸ ಮತ್ತು ಅವನ ಜೊತೆಗಾರರು ಅಲ್ಲಿಯೇ ಹತರಾದರು. ದಳಪತಿಯ ಲಿಖಿತ ಮಾತು ನಾಲ್ಕು ದಿನವೂ ಬಾಳಲಿಲ್ಲ ಎಂಬುದನ್ನು ಗಮನಿಸಿ. ಅದನ್ನು ಮುರಿದವನು ಖಳನಾಗಿರಲಿಲ್ಲ, ದುಭಾಷಿಯಿಲ್ಲದೆ ಅಪರಿಚಿತ ಸಮುದ್ರದಲ್ಲಿ ಮುಂದೆ ಸಾಗುವುದು ಹೇಗೆಂಬ ಚಿಂತೆಯಿದ್ದ ಮನುಷ್ಯನಾಗಿದ್ದ. ನಿಮ್ಮ ಉಪದಳಪತಿಗೆ ಬೇಕಾಗಿರುವುದು ಇಂಥ ಒಂದು ಚಿಂತೆ.

ನಿಮ್ಮ ಕಥೆಗೆ ಇನ್ನೂ ಹತ್ತಿರವಾದದ್ದು ಅಮೆರಿಕದ ಪೊಲಾರಿಸ್ ಹಡಗಿನ ಉತ್ತರಧ್ರುವ ಯಾನ. ಅದರ ನಾಯಕ ಚಾರ್ಲ್ಸ್ ಫ್ರಾನ್ಸಿಸ್ ಹಾಲ್ 1871ರ ಅಕ್ಟೋಬರಿನಲ್ಲಿ ಹಿಮಬಂಡಿಯ ಪ್ರವಾಸ ಮುಗಿಸಿ ಹಡಗಿಗೆ ಮರಳಿ, ಒಂದು ಬಟ್ಟಲು ಕಾಫಿ ಕುಡಿದ ಕೂಡಲೇ ಕಾಯಿಲೆ ಬಿದ್ದ. ಸನ್ನಿಯಲ್ಲಿ ತನ್ನವರೇ ತನಗೆ ವಿಷವಿಕ್ಕುತ್ತಿದ್ದಾರೆಂದು ಕೂಗಾಡಿದ, ನಡುವೆ ಕೆಲವು ದಿನ ಚೇತರಿಸಿಕೊಂಡಂತೆ ಕಂಡ, ಮತ್ತೆ ಕುಸಿದು ನವೆಂಬರ್ 8ರಂದು ಸತ್ತ. ಅವನು ಸತ್ತರೆ ಏನು ಮಾಡಬೇಕೆಂದು ಹೊರಡುವ ಮೊದಲೇ ಲಿಖಿತ ಆದೇಶವಿತ್ತು: ಹಡಗನ್ನು ಬಡಿಂಗ್ಟನ್ ನಡೆಸಬೇಕು, ವಿಜ್ಞಾನದ ಕೆಲಸವನ್ನು ಡಾಕ್ಟರ್ ಬೆಸೆಲ್ಸ್ ನೋಡಿಕೊಳ್ಳಬೇಕು. ಕಾಗದದ ಮೇಲೆ ಎಲ್ಲವೂ ಸ್ಪಷ್ಟವಾಗಿತ್ತು, ಆದರೂ ಹಾಲ್ ಸತ್ತ ಮೇಲೆ ಹಡಗಿನ ಶಿಸ್ತು ಚದುರಿಹೋಯಿತು. ಮರುವರ್ಷ ಅಕ್ಟೋಬರಿನಲ್ಲಿ ಬಿರುಗಾಳಿಯ ರಾತ್ರಿ ಹಡಗಿನಿಂದ ಬೇರ್ಪಟ್ಟ ಹತ್ತೊಂಬತ್ತು ಮಂದಿ, ಮಕ್ಕಳೂ ಸೇರಿದಂತೆ, ಹಿಮದ ಹಾಸಿನ ಮೇಲೆ ಆರು ತಿಂಗಳು ತೇಲಿ 1873ರ ಏಪ್ರಿಲಿನಲ್ಲಿ ಪಾರಾದರು. 1968ರಲ್ಲಿ ಹಾಲ್‌ನ ಸಮಾಧಿಯನ್ನು ತೆರೆದು ಪರೀಕ್ಷಿಸಿದಾಗ, ಬದುಕಿನ ಕೊನೆಯ ಎರಡು ವಾರಗಳಲ್ಲಿ ಅವನ ದೇಹಕ್ಕೆ ಬಹಳಷ್ಟು ಆರ್ಸೆನಿಕ್ ಸೇರಿತ್ತೆಂದು ತಿಳಿಯಿತು. ಯಾರಾದರೂ ಕೊಟ್ಟರೇ, ಔಷಧಿಯ ರೂಪದಲ್ಲಿ ಅವನೇ ತೆಗೆದುಕೊಂಡನೇ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಸನ್ನಿಯ ಮಾತೆಂದು ಜೊತೆಯವರು ತಳ್ಳಿಹಾಕಬಹುದಾಗಿದ್ದ ಆ ಕೂಗಿನ ಹಿಂದೆ ಇಷ್ಟೊಂದು ಇತ್ತು.

ಇಲ್ಲಿಂದ ನಿಮ್ಮ ರೋಗಶಯ್ಯೆಯ ದೃಶ್ಯಕ್ಕೆ ಬರುತ್ತೇನೆ. ನಂಜು ತಲೆಗೇರಿದ ಮನುಷ್ಯ ಒಂದೂವರೆ ಪುಟದಷ್ಟು ಉದ್ದದ, ಒಂದು ವ್ಯಾಕರಣ ದೋಷವೂ ಇಲ್ಲದ ಭಾಷಣ ಮಾಡಿ ಪ್ರಾಣ ಬಿಡುವುದನ್ನು ನಂಬಲು ನನಗೆ ಸಾಧ್ಯವಾಗಲಿಲ್ಲ. ಸನ್ನಿ ಏರಿಳಿಯುತ್ತದೆ ಎಂಬುದು ಅದರ ಮುಖ್ಯ ಲಕ್ಷಣ: ಬೆಳಿಗ್ಗೆ ಎಲ್ಲರ ಹೆಸರು ಹಿಡಿದು ಮಾತಾಡಿಸಿದವನು ಸಂಜೆ ಎಲ್ಲಿದ್ದೇನೆಂಬುದನ್ನೇ ಮರೆಯುತ್ತಾನೆ, ನಡುರಾತ್ರಿ ಮತ್ತೆ ಒಂದು ಗಳಿಗೆ ತಿಳಿಯಾಗುತ್ತಾನೆ. ಆದ್ದರಿಂದ ಹೆಸರು ಹೇಳಿದ ಆ ಗಳಿಗೆಯಲ್ಲಿ ಅವನಿಗೆ ಬುದ್ಧಿ ಸ್ವಾಧೀನದಲ್ಲಿತ್ತೇ ಎಂಬ ಪ್ರಶ್ನೆಗೆ, ಮರುದಿನದ ಸ್ಥಿತಿಯನ್ನು ನೋಡಿ ಯಾರೂ ಉತ್ತರ ಹೇಳಲಾರರು. ಇದ್ದವನು ವೈದ್ಯನೊಬ್ಬನೇ. ವರ್ಷದ ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸುವುದು ರೋಗಿಯ ಗಮನಶಕ್ತಿಯನ್ನು ಅಳೆಯಲು ವೈದ್ಯರು ಬಳಸುವ ಒಂದು ಸರಳ ಪರೀಕ್ಷೆ. ನಿಮ್ಮ ವೈದ್ಯ ಅದನ್ನು ಮಾಡಿರಲಿ, ದಳಪತಿ ಡಿಸೆಂಬರಿನಿಂದ ಜೂನ್‌ವರೆಗೆ ಸರಿಯಾಗಿ ಹೇಳಿ ಅಲ್ಲಿ ನಿಂತುಬಿಟ್ಟಿರಲಿ. ಅದನ್ನು ತೇರ್ಗಡೆಯೆಂದು ಬರೆದುಕೊಳ್ಳಬೇಕೋ ಬೇಡವೋ ಎಂದು ವೈದ್ಯ ಹಿಂಜರಿಯುವುದರಲ್ಲಿಯೇ ಇಡೀ ತಂಡದ ಭವಿಷ್ಯ ತೂಗಾಡುತ್ತದೆ. ದಳಪತಿಯ ಭಾಷಣವನ್ನು ತೆಗೆದು, ಬಿಟ್ಟುಬಿಟ್ಟು ಬಂದ ನಾಲ್ಕು ಮಾತುಗಳನ್ನು ಮಾತ್ರ ಉಳಿಸಿ.

ದಳಪತಿ ಆಕೆಯನ್ನೇ ಏಕೆ ಆರಿಸಿದ ಎಂಬುದಕ್ಕೂ ನಿಮ್ಮಲ್ಲಿ ಉತ್ತರವಿಲ್ಲ. "ನಿನ್ನಲ್ಲಿ ನಾಯಕತ್ವದ ಕಿಡಿಯಿದೆ" ಎಂಬ ಮಾತು ಯಾವ ಕಥೆಯಲ್ಲಿ ಯಾರಿಗೆ ಬೇಕಾದರೂ ಹೇಳಬಹುದಾದದ್ದು. ಉತ್ತರಾಧಿಕಾರಿಯನ್ನು ಆರಿಸುವವನು ತನ್ನ ನಂತರ ಯಾವ ತೀರ್ಮಾನ ಆಗಬೇಕೆಂಬುದನ್ನೂ ಆರಿಸುತ್ತಿರುತ್ತಾನೆ. ಆ ತೀರ್ಮಾನಕ್ಕೆ ಬೇಕಾದುದೆಲ್ಲ ನಿಮ್ಮ ಹಸ್ತಪ್ರತಿಯಲ್ಲಿಯೇ ಇದೆ, ನೀವು ಅದನ್ನು ಮರೆತಿದ್ದೀರಿ. ಮೂರನೆಯ ಪುಟದಲ್ಲಿ ಇಬ್ಬರು ಭೂವಿಜ್ಞಾನಿಗಳು ದೂರದ ಶಿಬಿರಕ್ಕೆ ಹೋಗುತ್ತಾರೆ, ಅವರ ರೇಡಿಯೊ ಮೌನವಾಗುತ್ತದೆ, ಮುಂದೆ ಅವರ ಸುದ್ದಿಯೇ ಇಲ್ಲ. ಐದನೆಯ ಪುಟದಲ್ಲಿ ಮರಳುವ ನೌಕೆ ಹನ್ನೊಂದು ದಿನಗಳೊಳಗೆ ಹೊರಡಬೇಕೆಂದು ಬರುತ್ತದೆ. ಈ ಎರಡನ್ನೂ ಸೇರಿಸಿ ನೋಡಿ. ಉಪದಳಪತಿ ಇರುವವರನ್ನು ಉಳಿಸಿಕೊಂಡು ಹೊರಡೋಣ ಎನ್ನುತ್ತಾನೆ, ಲೆಕ್ಕವೂ ನಿಯಮವೂ ಅವನ ಪರವಾಗಿವೆ. ಗಾಳಿಯ ಯಂತ್ರವನ್ನು ಇನ್ನೆಷ್ಟು ದಿನ ಎಳೆಯಬಹುದೆಂದು ಬಲ್ಲವಳು ಎಂಜಿನಿಯರ್ ಒಬ್ಬಳೇ, ಆದ್ದರಿಂದ ಕಾಯುವ ಧೈರ್ಯ ಮಾಡಬಲ್ಲವಳೂ ಅವಳೊಬ್ಬಳೇ. ಆಗ ದಳಪತಿಯ ಆಯ್ಕೆ ಎರಡು ಜೀವಗಳ ಮೇಲಿನ ತೀರ್ಪಾಗುತ್ತದೆ. ಅವನು ಮಾಡಿದ್ದು ಸರಿಯೋ ತಪ್ಪೋ ಎಂದು ಓದುಗರು ತಮ್ಮೊಳಗೇ ವಾದಿಸತೊಡಗುತ್ತಾರೆ.

ಆಕೆಯ ಕಡೆಯಿಂದಲೂ ಯೋಚಿಸಿ. ನಿಮ್ಮ ಕಥೆಯಲ್ಲಿ ಆಕೆ ಹದಿನೈದನೆಯ ಪುಟದ ಹೊತ್ತಿಗೆ ಆಜ್ಞೆಗಳನ್ನು ಕೊಡುತ್ತಿದ್ದಾಳೆ, ಅಷ್ಟು ಬೇಗ ಯಾರೂ ಬದಲಾಗುವುದಿಲ್ಲ. 1860ರಲ್ಲಿ ಆಸ್ಟ್ರೇಲಿಯವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಹೊರಟ ಬರ್ಕ್, ದಾರಿಯಲ್ಲಿ ಸಿಕ್ಕ ರೈಟ್ ಎಂಬುವನಿಗೆ ಜವಾಬ್ದಾರಿ ಕೊಟ್ಟು ಹಿಂದಿನಿಂದ ಸಾಮಗ್ರಿ ತರಲು ಹೇಳಿದ್ದ. ತನ್ನ ನೇಮಕವನ್ನು ಯಾನದ ಮೇಲ್ವಿಚಾರಣಾ ಸಮಿತಿ ಒಪ್ಪಲೆಂದು ಕಾಯುತ್ತಾ ರೈಟ್ 1861ರ ಜನವರಿ ಕೊನೆಯವರೆಗೂ ಹೊರಡಲಿಲ್ಲ. ಸಾಮಗ್ರಿ ಬರಲಿಲ್ಲ, ಕೂಪರ್ಸ್ ಕ್ರೀಕಿನಲ್ಲಿ ಕಾದಿದ್ದವರು ಏಪ್ರಿಲ್ 21ರ ಬೆಳಿಗ್ಗೆ ಶಿಬಿರ ಬಿಟ್ಟರು, ಬರ್ಕ್ ಅಲ್ಲಿಗೆ ಬಂದು ಮುಟ್ಟಿದ್ದು ಅದೇ ದಿನ ಸಂಜೆ. ತನ್ನ ಅಧಿಕಾರದಲ್ಲಿ ತನಗೇ ನಂಬಿಕೆಯಿಲ್ಲದ ಮನುಷ್ಯ ತಡಮಾಡುವುದು ಎಷ್ಟು ಜೀವಗಳನ್ನು ತೆಗೆದುಕೊಳ್ಳಬಲ್ಲದು ಎಂಬುದನ್ನು ಆಕೆಯ ಗಾಳಿಶೋಧಕದ ದೃಶ್ಯದ ಪಕ್ಕದಲ್ಲಿಟ್ಟು ನೋಡಿ. ಆಕೆ ತೊಳೆಯುತ್ತಾ ಕುಳಿತ ಆ ಹೊತ್ತಿನಲ್ಲಿ ಹನ್ನೊಂದು ದಿನಗಳ ಗಡುವು ಕರಗುತ್ತಿದೆ.

ಭೂಮಿಯ ಸಂದೇಶದ ವಿಷಯದಲ್ಲಿ ವಿಜ್ಞಾನವೂ ತಪ್ಪಿದೆ. ಶನಿಯಿಂದ ಭೂಮಿಗೆ ಬೆಳಕು ತಲುಪಲು ಸುಮಾರು 67ರಿಂದ 92 ನಿಮಿಷ ಹಿಡಿಯುತ್ತದೆ, ಅಂದರೆ ಪ್ರಶ್ನೆ ಹೋಗಿ ಉತ್ತರ ಬರಲು ಎರಡೂಕಾಲು ಗಂಟೆಯಿಂದ ಮೂರು ಗಂಟೆ ಬೇಕು. ನಿಮ್ಮಲ್ಲಿ ಅದು ದೂರವಾಣಿಯ ಸಂಭಾಷಣೆಯಂತೆ ನಡೆಯುತ್ತದೆ. ಶನಿ ಸೂರ್ಯನ ಹಿಂದೆ ಸರಿಯುವ ದಿನಗಳಲ್ಲಿ ಸಂಪರ್ಕವೇ ಕೆಡುತ್ತದೆ, ವರ್ಷಕ್ಕೊಮ್ಮೆ ಹೀಗೆ ಕೆಲವು ದಿನ ಭೂಮಿಯ ಮಾತನ್ನು ನೆಚ್ಚುವಂತಿಲ್ಲ. ದಳಪತಿಯ ಸಾವನ್ನು ಆ ದಿನಗಳಿಗೆ ತನ್ನಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ದಳಪತಿ ಬದಲಾಗುವಾಗ, ಮುಂದಿನವರು ಯಾರೆಂಬುದು ಮೊದಲೇ ನಿಶ್ಚಯವಾಗಿರುತ್ತದೆ, ಎಲ್ಲ ಸಿಬ್ಬಂದಿಯ ಎದುರು ಅಧಿಕಾರವನ್ನು ಒಪ್ಪಿಸಲಾಗುತ್ತದೆ. ನಿಮ್ಮ ನೆಲೆಯಲ್ಲಿ ನಡೆದದ್ದು ಮುಚ್ಚಿದ ಕೋಣೆಯಲ್ಲಿ, ಒಬ್ಬನೇ ಸಾಕ್ಷಿಯ ಎದುರು, ಮೇಲಿನವರನ್ನು ಕೇಳಲೂ ದಾರಿಯಿಲ್ಲದ ದಿನಗಳಲ್ಲಿ ಎಂದಾದರೆ, ಅಲ್ಲಿರುವವರು ತಾವೇ ನಿರ್ಧರಿಸಬೇಕಾಗುತ್ತದೆ.

ಅಲ್ಲಿರುವವರೆಂದರೆ ಎಷ್ಟು ಜನ? ದಳಪತಿಯನ್ನೂ ದೂರದ ಇಬ್ಬರನ್ನೂ ಬಿಟ್ಟರೆ ಆರು. ಎಂಜಿನಿಯರ್, ಉಪದಳಪತಿ, ವೈದ್ಯ ಇವರನ್ನು ತೆಗೆದರೆ ಇನ್ನೂ ಮೂವರಿದ್ದಾರೆ. ಅವರಿಗೆ ನಿಮ್ಮ ಕಥೆಯಲ್ಲಿ ಮುಖವೇ ಇಲ್ಲ, "ಇತರರು" ಎಂದು ನಾಲ್ಕು ಕಡೆ ಬರುತ್ತಾರೆ. ನನ್ನ ದೃಷ್ಟಿಯಲ್ಲಿ ಇದೇ ಕಥೆಯ ದೊಡ್ಡ ಕೊರತೆ. ಭೀಷ್ಮ ಶರಶಯ್ಯೆ ಸೇರಿದ ಮೇಲೆ ಮುಂದಿನ ಸೇನಾಪತಿ ಯಾರೆಂದು ದುರ್ಯೋಧನ ಕೇಳಿದಾಗ ಕರ್ಣ ಕೊಟ್ಟ ಉತ್ತರ ನಿಮಗೆ ನೆನಪಿರಬಹುದು: ಇಲ್ಲಿರುವ ಅರಸರೆಲ್ಲ ಯೋಗ್ಯರೇ, ಆದರೆ ಸಮಾನರಲ್ಲಿ ಒಬ್ಬನನ್ನು ಆರಿಸಿದರೆ ಉಳಿದವರು ಮುನಿದು ಮನಸ್ಸಿಟ್ಟು ಹೋರಾಡರು, ಎಲ್ಲರಿಗೂ ಗುರುವಾದ ದ್ರೋಣನಿಗೆ ಪಟ್ಟ ಕಟ್ಟು. ಕರ್ಣ ಲೆಕ್ಕ ಹಾಕಿದ್ದು ಆಯ್ಕೆಯಾಗದೆ ಉಳಿಯುವವರ ಮನಸ್ಸನ್ನು. ನಿಮ್ಮ ದಳಪತಿ ಆ ಲೆಕ್ಕ ಹಾಕಿಲ್ಲ, ಹಾಕಲು ಅವನಿಗೆ ಹೊತ್ತೂ ಇರಲಿಲ್ಲ. ಆ ಭಾರ ಈಗ ಮುಖವಿಲ್ಲದ ಆ ಮೂವರ ಮೇಲೆ ಬೀಳಬೇಕು. ಅವರಲ್ಲಿ ಒಬ್ಬರಿಗೆ ಕಾಣೆಯಾದ ಭೂವಿಜ್ಞಾನಿ ಆಪ್ತರಾಗಿರಲಿ. ಒಬ್ಬರು ದಳಪತಿಯನ್ನು ಪ್ರೀತಿಸುತ್ತಿದ್ದೂ ಅವನ ಕೊನೆಯ ಮಾತನ್ನು ನಂಬದಿರಲಿ. ಮೂರನೆಯವರು ಯಾರಾಗಬೇಕೆಂದು ನಿಮಗೇ ಬಿಡುತ್ತೇನೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ವಾಕ್ಯ ಗಟ್ಟಿಯಾಗಿದೆ, ಭಾವ ಉಕ್ಕಬೇಕಾದ ಕಡೆ ಮಾತ್ರ ವಿಶೇಷಣಗಳನ್ನು ಸುರಿಯುತ್ತೀರಿ. ದಳಪತಿಯ ಕಣ್ಣುಗಳಿಗೆ ಒಂದೇ ಪುಟದಲ್ಲಿ ಐದು ವಿಶೇಷಣಗಳಿವೆ, ಒಂದು ಸಾಕು.

ಹದಿನಾಲ್ಕನೆಯ ಪುಟದಿಂದಾಚೆಯದನ್ನು ಪೂರ್ತಿ ತೆಗೆದು ಹೊಸದಾಗಿ ಬರೆಯಿರಿ. ಧ್ವನಿಮುದ್ರಣ ಬೇಡ, ಕೆಡಿಸಿದ ಯಂತ್ರ ಬೇಡ, ಸೆಲ್ಯೂಟ್ ಬೇಡ. ಆರು ಜನ ಒಂದು ಕೋಣೆಯಲ್ಲಿ ಸೇರಿ, ವೈದ್ಯ ತಾನು ಕೇಳಿದ್ದನ್ನು ಹೇಳಲಿ, ಉಪದಳಪತಿ ತನ್ನ ವಾದವನ್ನು ಪೂರ್ಣಬಲದಿಂದ ಮಂಡಿಸಲಿ, ಆ ಮೂವರು ಒಬ್ಬೊಬ್ಬರಾಗಿ ಉತ್ತರ ಕೊಡಲಿ. ಅವರು ಎಂಜಿನಿಯರಳನ್ನು ಒಪ್ಪಬೇಕೆಂಬ ನಿರ್ಬಂಧ ನನ್ನದಲ್ಲ. ಒಪ್ಪದಿದ್ದರೆ ಆಮೇಲೆ ಆ ಇಬ್ಬರು ಭೂವಿಜ್ಞಾನಿಗಳ ಗತಿ ಏನೆಂಬುದನ್ನು ಮಾತ್ರ ನೀವು ತಪ್ಪಿಸಿಕೊಳ್ಳದೆ ಬರೆಯಬೇಕು. ಕಥೆ ಈಗಿನದಕ್ಕಿಂತ ಉದ್ದವಾದರೂ ಅಡ್ಡಿಯಿಲ್ಲ. ತಿದ್ದಿದ ಪ್ರತಿಯನ್ನು ಹೊಸ ಬರಹಗಳ ಸಾಲಿಗೆ ಹಾಕದೆ ನೇರವಾಗಿ ನನಗೇ ಕಳುಹಿಸಿ, ಮೊದಲು ಅದನ್ನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ