ಕಲಬುರಗಿ ಕಡೆಯ ವಿಶ್ವವಿದ್ಯಾಲಯದಲ್ಲಿ ಸಿಬ್ಬಂದಿ ವಿಭಾಗದ ಕೆಲಸ ಹೇಗಿರುತ್ತದೆ?

ಬೆಂಗಳೂರಿನಿಂದ ನಮ್ಮ ಕಡೆಗೆ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ಗೆ ಬರುತ್ತಿದ್ದೀರಿ, ಕೆಲಸದಲ್ಲಿ ವ್ಯತ್ಯಾಸ ಇದೆಯಾ ಎಂದು ಕೇಳಿದ್ದೀರಿ. ರಜೆ, ಇಂಕ್ರಿಮೆಂಟ್, ಬಡ್ತಿ ಎಲ್ಲ ಕಡೆ ಒಂದೇ. ಆದರೆ ಇಲ್ಲಿ ಒಬ್ಬರ ಕಾಗದ ಓದಬೇಕಾದರೆ ಅವರ ಊರು ಗೊತ್ತಿರಬೇಕು.

ಮೊದಲು 371ಜೆ, ಅಂದರೆ ಕಲಬುರಗಿ ಸೇರಿದ ಹಿಂದಿನ ಹೈದರಾಬಾದ್ ಕರ್ನಾಟಕದ ಸ್ಥಳೀಯರಿಗೆ ನೌಕರಿಯಲ್ಲಿ ಮೀಸಲಾತಿಗೆ ಅವಕಾಶ ಕೊಡುವ ಸಂವಿಧಾನದ ವಿಧಿ. 98ನೇ ತಿದ್ದುಪಡಿಯಿಂದ ಬಂದದ್ದು. 2013ರ ಆದೇಶದ ಪ್ರಕಾರ ಇಲ್ಲಿನ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಸ್ಥಳೀಯರಿಗೆ. ರಾಜ್ಯದ ವಿಶ್ವವಿದ್ಯಾಲಯವಾದರೆ ನೇಮಕಾತಿ ರೋಸ್ಟರ್ (ಯಾವ ಹುದ್ದೆ ಯಾರಿಗೆ ಮೀಸಲು ಎಂಬ ಪಟ್ಟಿ) ಹಾಕುವಾಗ ಇದನ್ನು ಬಿಟ್ಟು ಒಂದು ಹೆಜ್ಜೆಯೂ ಇಡಲಾಗುವುದಿಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದ ಲೆಕ್ಕ ಬೇರೆ, ಅಲ್ಲಿ ಕೇಂದ್ರದ ನಿಯಮ. ಸ್ಥಳೀಯರು ಎನ್ನಲು ಸಹಾಯಕ ಆಯುಕ್ತರು ಕೊಟ್ಟ ಅರ್ಹತಾ ಪ್ರಮಾಣಪತ್ರ ಬೇಕು. ಮನೆ ಮಾತು ಕನ್ನಡ ಅಂದರೆ ಸಾಲದು.

ನನಗೆ ಬೇಜಾರಾಗುವುದು ಇಲ್ಲೇ. ಆಳಂದದಿಂದ ಗಡಿ ದಾಟಿದರೆ ಅಕ್ಕಲಕೋಟೆ, ಮಹಾರಾಷ್ಟ್ರ. ಅಲ್ಲಿನ ಎಷ್ಟೋ ಮಕ್ಕಳು ಕನ್ನಡ ಶಾಲೆಯಲ್ಲೇ ಓದಿದವರು. ಡಿಗ್ರಿಗೆ ಕಲಬುರಗಿಗೆ ಬರುತ್ತಾರೆ, ನೆಂಟರೆಲ್ಲ ಇಲ್ಲೇ ಇರುತ್ತಾರೆ. ನೌಕರಿಗೆ ಅರ್ಜಿ ಹಾಕುವಾಗ ಮಾತ್ರ ಹೊರಗಿನವರು. ಆಳಂದ ಅಂದು ನಿಜಾಮರ ಹೈದರಾಬಾದ್‌ನಲ್ಲಿತ್ತು, ಅಕ್ಕಲಕೋಟೆ ಬೇರೆ ಸಂಸ್ಥಾನ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸುವಾಗ ಎಳೆದ ಗೆರೆ ಇವತ್ತಿಗೂ ನಮ್ಮ ಟೇಬಲ್ ಮೇಲೆ ಬಂದು ಕೂರುತ್ತದೆ. ನಿಯಮ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಅವರಿಗೆ ಸರಿಯಾಗಿ ಕೂರಿಸಿ ವಿವರಿಸುವುದು ನಮ್ಮ ಕೈಯಲ್ಲಿದೆ. "ನಿಮಗಾಗಲ್ಲ, ಹೋಗಿ" ಎಂದು ಕೌಂಟರ್‌ನಿಂದಲೇ ಕಳಿಸಬೇಡಿ. ಸ್ಥಳೀಯರಿಗೆ ಮೀಸಲಿಡದ ಹುದ್ದೆಗಳೂ ಇರುತ್ತವೆ, ಅದನ್ನು ತೋರಿಸಿ.

ಹೆಸರು ನೋಡಿ ಯಾರು ಯಾವ ಕಡೆಯವರು ಎಂದು ಅಂದಾಜು ಮಾಡಬೇಡಿ. ಊರ ಹೆಸರಿಗೆ 'ಕರ್' ಸೇರಿಸಿಕೊಂಡ ಅಚ್ಚ ಕನ್ನಡದ ಮನೆಗಳು ಇಲ್ಲಿ ಬೇಕಾದಷ್ಟು. ದೇಶಮುಖ, ಕುಲಕರ್ಣಿ, ಪಾಟೀಲರು ಗಡಿಯ ಎರಡೂ ಕಡೆ ಇದ್ದಾರೆ. ತೆಲಂಗಾಣದ ಕಡೆಯವರದು ಮನೆ ಹೆಸರು ಮೊದಲು ಬರುತ್ತದೆ, ಮರಾಠಿ ಕಡೆಯವರದು ನಡುವೆ ತಂದೆಯ ಹೆಸರು, ನಮ್ಮವರದು ಬರೀ ಇನಿಷಿಯಲ್. ಹೀಗಾಗಿ ಒಬ್ಬರದೇ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಪ್ಯಾನ್‌ನಲ್ಲಿ ಮತ್ತೊಂದು. ಕೆಲಸಕ್ಕೆ ಸೇರುವ ದಿನವೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮುಂದಿನ ಅಲೆದಾಟ ತಪ್ಪುತ್ತದೆ. ಹುಟ್ಟಿದ ದಿನಾಂಕವೂ ಹಾಗೆಯೇ. ರಾಜ್ಯದ ಕಾನೂನಿನಂತೆ ಅದು ದಾಖಲಾದ ಮೇಲೆ ತಿದ್ದುಪಡಿ ಕೇಳಲು ಸಾಮಾನ್ಯವಾಗಿ 3 ವರ್ಷ ಮಾತ್ರ ಅವಕಾಶ. ನಿವೃತ್ತಿ ಹತ್ತಿರ ಬಂದಾಗ ಕೇಳಿದರೆ ಯಾರೂ ಏನೂ ಮಾಡಲಾಗದು.

ಎಲ್ಲಕ್ಕಿಂತ ಜಾಸ್ತಿ ಗಮನ ಬೇಕಾದದ್ದು ಕುಟುಂಬ ಪಿಂಚಣಿ ಫೈಲಿಗೆ. ನಮ್ಮ ಕಡೆ ಅನೇಕ ಮನೆಗಳಲ್ಲಿ ಮದುವೆಯಾದ ಮೇಲೆ ಸೊಸೆಯ ಹೆಸರನ್ನೇ ಬದಲಿಸುತ್ತಾರೆ. ಅಡ್ಡಹೆಸರು ಮಾತ್ರ ಅಲ್ಲ, ಕರೆಯುವ ಹೆಸರೂ ಬೇರೆ. ಗಂಡ ತನ್ನ ಸೇವಾ ಪುಸ್ತಕದಲ್ಲಿ (ನೌಕರನ ಪೂರ್ತಿ ಸೇವೆಯ ದಾಖಲೆ) ಹೆಂಡತಿಯ ತವರಿನ ಹೆಸರು ಬರೆಸಿರುತ್ತಾನೆ, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು. ಆತ ತೀರಿಕೊಂಡ ಮೇಲೆ ಆಕೆ ಕಚೇರಿಗೆ ಬಂದಾಗ, ಎರಡೂ ಹೆಸರು ತನ್ನದೇ ಎಂದು ಆಕೆಯೇ ಸಾಬೀತು ಮಾಡಬೇಕು! ಅಫಿಡವಿಟ್, ತಹಶೀಲ್ದಾರ್ ಕಚೇರಿ, ಮತ್ತೆ ಅಫಿಡವಿಟ್. ದುಃಖದಲ್ಲಿರುವ ಹೆಂಗಸನ್ನು ಹೀಗೆ ಓಡಾಡಿಸುವುದು ಅನ್ಯಾಯ ಅಲ್ವಾ? ಬಂದವರನ್ನು "ಕೂಡ್ರಿ ಅಕ್ಕಾ" ಎಂದು ಕುರ್ಚಿ ಕೊಟ್ಟು ಮಾತಾಡಿಸಿ. ಆಕೆ ಮರಾಠಿಯಲ್ಲೋ ಉರ್ದುವಿನಲ್ಲೋ ಹೇಳಿದರೆ ಗಾಬರಿ ಬೇಡ, ಸೆಕ್ಷನ್‌ನಲ್ಲಿ ಆ ಮಾತು ಬಲ್ಲವರು ಒಬ್ಬರಾದರೂ ಸಿಗುತ್ತಾರೆ.

ಅದಕ್ಕೇ ಹೇಳುತ್ತೇನೆ, ಬಂದ ಮೇಲೆ ಮೊದಲು ಡಿ ಗುಂಪಿನ ನೌಕರರ ಸೇವಾ ಪುಸ್ತಕಗಳಲ್ಲಿ ನಾಮಿನೇಷನ್ ಪುಟ ತೆರೆದು ನೋಡಿ. ಹೆಂಡತಿಯ ಆಧಾರ್ ಪ್ರತಿ ತರಿಸಿಕೊಳ್ಳಿ. ಹೆಸರು ಹೊಂದದಿದ್ದರೆ ನೌಕರ ಎದುರಿಗೆ ಇರುವಾಗಲೇ ಸರಿ ಮಾಡಿಸಿ, ಸಹಿ ಹಾಕಿಸಿ.